ಮೇಷ್ಟ್ರ ಮನೆಗೆ ಬಂದ ಹೊಸ ಪುಸ್ತಕಗಳು

ಆಲೂಗಡ್ಡೆ ಅಗೆದು ನೆಲಮಾಳಿಗೆಗೆ ಇಳಿಸಿದ್ದಾಗಿತ್ತು. ಬೆಟ್ಟದ ಮೇಲಿನ ಹುಲ್ಲುಗಾವಲಿನಿಂದ ಕುರಿಗಳು ಊರಿಗೆ ಮರಳಿದ್ದವು. ಇನ್ನೇನು ಹಿಮ ಬೀಳಬೇಕು ಅನ್ನುವ ಹೊತ್ತಿಗೆ ಬೆಟ್ಟದೂರು ಕೋಕ್-ದೋಬೋದ ಗ್ರಂಥಾಲಯಕ್ಕೆ ಹೊಸ ಪುಸ್ತಕಗಳು ಬಂದವು. ಹಿಂದಿನ ಸಲ ಪುಸ್ತಕ ಬಂದಾಗ ಗ್ರಂಥಪಾಲಕಿ ಬುರುಲ್‌ಳ ಮಗಳು ಕುಂದುಜ್ ತೊಟ್ಟಿಲಲ್ಲಿದ್ದಳು. ಈಗ ಅವಳು ಅಮ್ಮನಿಗೇ ಎದುರುತ್ತರ ಕೊಡುವಷ್ಟು ಬೆಳೆದಿದ್ದಾಳೆ.

ಎರಡು ರಟ್ಟಿನ ಪೆಟ್ಟಿಗೆಗಳನ್ನೂ ತಂದವನು ಬುರುಲ್‌ಳ ಗಂಡ ಎರ್ಕಿನ್. ಗಣಿಯಿಂದ ಕಲ್ಲಿದ್ದಲು ಹೇರಿಕೊಂಡು ಬರುವ ಲಾರಿ ಅವನದು. ಪುಸ್ತಕಕ್ಕೆ ಮಸಿ ತಾಗದಿರಲಿ ಎಂದು ತನ್ನ ಕುರಿಚರ್ಮದ ಕೋಟನ್ನೇ ಪೆಟ್ಟಿಗೆಗೆ ಹೊದಿಸಿ, ತಾನು ಚಳಿಯಲ್ಲಿ ಗಡಗಡ ನಡುಗುತ್ತ ಬಂದಿದ್ದ. ಬುರುಲ್ ಕೈಯನ್ನು ಎರಡೆರಡು ಸಲ ತೊಳೆದು ಒರೆಸಿಕೊಂಡು ಪೆಟ್ಟಿಗೆ ಬಿಚ್ಚಿದಳು. ಸುದ್ದಿ ಕೇಳಿ ಪಕ್ಕದ ಮನೆಯ ಶೇಕರ್ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ನಂಗೊಂದು ದಪ್ಪಂದು ಕೊಡೇ. ಚಳಿಗಾಲ ಪೂರ್ತಿ ಬರಬೇಕು. ಯುದ್ಧ ಗಿದ್ಧ ಬೇಡ, ಅಳೋದು ಕರೆಯೋದು ಇರಲಿ."

"ಮನೇಲಿ ಅಳೋದು ಸಾಲದಾ ನಿಂಗೆ?"

"ಮನೇಲಿ ಅತ್ತರೆ ಮಾವ ಬೈತಾನೆ. ಪುಸ್ತಕ ಹಿಡ್ಕೊಂಡು ಅತ್ತರೆ ಓದ್ತಿದಾಳೆ ಅಂತಾನೆ."

"ಇರು, ಮೊದಲು ನಮ್ಮ ಅತಾ ಓದಬೇಕು," ಎಂದಳು ಬುರುಲ್. ಶೇಕರ್ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಊರಿಗೆ ಹೊಸ ಪುಸ್ತಕ ಬಂದರೆ ಮೊದಲು ಮುಕಾಶ್ ಮೇಷ್ಟ್ರು ಓದುವುದು, ಆಮೇಲೆ ಉಳಿದವರು. ಈ ಕಟ್ಟಳೆ ಯಾರೂ ಮಾಡಿದ್ದಲ್ಲ, ಯಾರೂ ಮುರಿದದ್ದೂ ಇಲ್ಲ. ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದವರು ಅವರೇ. ಬುರುಲ್‌ಗೆ ಮಾವ, ಆದರೆ ಸೊಸೆ, ಮಗ, ಮೊಮ್ಮಗಳು ಎಲ್ಲರಿಗೂ ಅವರು ಅತಾ, ಅಂದರೆ ಅಪ್ಪ; ಅವರ ಹೆಂಡತಿ ಜೂರಕಾನ್ ಎಲ್ಲರಿಗೂ ಅಪಾ, ಅಂದರೆ ಅಮ್ಮ. ಶರತ್ಕಾಲ ಮುಗಿಯುತ್ತ ಬಂದರೆ ಆ ಮನೆಯಲ್ಲಿ ಸಂಜೆಯ ಚಹಾ ಆದ ಮೇಲೆ ಅತಾ ಒಲೆಯ ಪಕ್ಕ ಕೂತು ಗಟ್ಟಿಯಾಗಿ ಓದುವರು. ಅಪಾ ಉಣ್ಣೆ ನೂಲುವಳು. ಎರ್ಕಿನ್ ಕೇಳುತ್ತ ಕೇಳುತ್ತ ಗೊರಕೆ ಹೊಡೆಯುವನು. ಶೇಕರಳೂ ಕಸೂತಿ ಹಿಡಿದು ಬಂದು ಬಾಗಿಲ ಬಳಿ ಕೂರುವಳು.

ಆ ಸಂಜೆ ಬುರುಲ್ ಎರಡು ಪುಸ್ತಕ ತಂದು ಮಾವನ ಮುಂದೆ ಇಟ್ಟಳು. ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು. ಪುಸ್ತಕವನ್ನು ಮೂಗಿಗೆ ಹಿಡಿದು ವಾಸನೆ ನೋಡಿದರು.

"ಆಹಾ! ಹೊಸ ರೊಟ್ಟಿಗಿಂತ ಚೆನ್ನಾಗಿದೆ."

"ಹಂಗಾದ್ರೆ ನಾಳೆಯಿಂದ ಅದನ್ನೇ ತಿನ್ನಿ, ನಂಗೆ ನಾದೋ ಕೆಲಸ ಉಳಿಯುತ್ತೆ," ಎಂದಳು ಜೂರಕಾನ್.

ಅವರು ಮೊದಲ ಹಾಳೆ ತೆಗೆದರು. ಎಲ್ಲರೂ ಕಾದರು. ಹಾಳೆ ಮಗುಚಿದರು, ಮತ್ತೆ ಹಿಂದಕ್ಕೆ ಮಗುಚಿದರು. ಪುಸ್ತಕವನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಬಲಗಡೆ ಇದ್ದ ಚಹಾದ ಬಟ್ಟಲು ಮೊಣಕೈ ತಾಗಿ ಉರುಳಿತು. ಈಚೆಗೆ ಅದು ಮಾಮೂಲಾಗಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

"ಏನಿದು ಬುರುಲ್?"

"ಏನು ಅತಾ?"

"ಏನಂತ ನನ್ನ ಕೇಳ್ತೀಯಲ್ಲ! ಅಚ್ಚು ಹಾಳಾಗಿದೆ. ಅಕ್ಷರನಾ ಇದು? ಜಿರಲೆ ಕಾಲು ಮುರಿದು ಅಂಟಿಸಿದ ಹಾಗಿದೆ."

ಬುರುಲ್ ಬಗ್ಗಿ ನೋಡಿದಳು. ಅಕ್ಷರಗಳು ಕಪ್ಪಗೆ, ದುಂಡಗೆ, ಸಾಲಾಗಿ ಕೂತಿದ್ದವು. ಕುಂದುಜ್ ಇನ್ನೊಂದು ಕಡೆಯಿಂದ ಕತ್ತು ಚಾಚಿದಳು.

"ಚೆನ್ನಾಗೇ ಇದೆಯಲ್ಲ ಅತಾ! ನೋಡಿ, 'ಆ ವರ್ಷ ಕಣಿವೆಯಲ್ಲಿ'..."

"ಬಾಯಿ ಮುಚ್ಚು! ಮೊನ್ನೆ ಅಕ್ಷರ ಕಲಿತವಳು ನಂಗೆ ಹೇಳಿಕೊಡ್ತಾಳೆ."

ಅವರು ಮೊಮ್ಮಗಳ ಮೇಲೆ ದನಿ ಎತ್ತಿದವರೇ ಅಲ್ಲ. ಎರಡನೇ ಪುಸ್ತಕವನ್ನೂ ತೆಗೆದು, ನೋಡಿ, ಅದನ್ನೂ ತಳ್ಳಿದರು. "ಇದೂ ಅದೇ ಕಾರ್ಖಾನೆಯ ಮಾಲು."

"ಪಕ್ಕದ ದೇಶದಲ್ಲಿ ಅಕ್ಷರಾನೇ ಬದಲಾಯಿಸಿದಾರಂತೆ," ಎಂದಳು ಜೂರಕಾನ್. "ಇಲ್ಲೂ ಹಂಗೇ ಮಾಡಿದ್ರೋ ಏನೋ."

"ಇಲ್ಲ ಅಪಾ, ಅದೇ ಅಕ್ಷರ," ಎಂದಳು ಬುರುಲ್ ಮೆಲ್ಲಗೆ.

"ನಿಂಗೆ ಜಾಸ್ತಿ ಗೊತ್ತೋ, ಅವರಿಗೆ ಜಾಸ್ತಿ ಗೊತ್ತೋ? ನೋಡದೆ ರುಜು ಹಾಕಿ ತಗೊಂಡಿದೀಯ, ಈಗ ಹಾಳು ಮಾಲನ್ನ ಒಳ್ಳೇದು ಅಂತ ಸಾಧಿಸ್ತೀಯ."

ಬುರುಲ್ ಬಟ್ಟಲುಗಳನ್ನು ಎತ್ತಿಕೊಂಡು ಹೋದಳು. ಸಾರು ಕುದಿಯುತ್ತಿತ್ತು, ಕತ್ತರಿಸಿಟ್ಟ ಹಿಟ್ಟಿನ ಎಳೆಗಳನ್ನು ಅದಕ್ಕೆ ಸುರಿಯುತ್ತ, ಕನ್ನಡಕ ಹಳೆಯದಾಯಿತೇನೋ ಎಂದುಕೊಂಡಳು.

ಎರ್ಕಿನ್ನನಿಗೂ ಹಾಗೇ ಅನ್ನಿಸಿತು. ಸಂತೆಯ ದಿನ ಅಪ್ಪನನ್ನು ಲಾರಿಯಲ್ಲಿ ಕೂರಿಸಿಕೊಂಡು ಕೋಚ್ಕೋರ್‌ಗೆ ಹೋದ. ಸಂತೆಯಲ್ಲಿ ಕನ್ನಡಕ ಮಾರುವವನು ಒಂದಾದ ಮೇಲೊಂದು ಹಾಕಿಸಿ ನೋಡಿದ. "ದೂರದ ಕುದುರೆ ಕಾಣುತ್ತಾ?" "ಕಾಣುತ್ತೆ." "ಅದರ ಬಾಲ?" "ಬಾಲದ ಮೇಲಿನ ನೊಣಾನೂ ಕಾಣುತ್ತೆ." "ಅಕ್ಷರ?" ಮೇಷ್ಟ್ರು ಸ್ವಲ್ಪ ತಡೆದು, "ಇದೇ ಸರಿ, ಕೊಡು," ಎಂದರು. ಈ ಮಾತನ್ನು ಎರ್ಕಿನ್ ಮನೆಗೆ ಬಂದು ನಗುತ್ತ ಹೇಳಿದ, ಎಲ್ಲರೂ ನಕ್ಕರು. ಆ ಸಂಜೆ ಹೊಸ ಕನ್ನಡಕದಲ್ಲೂ ಪುಸ್ತಕ ಹಾಳಾಗಿಯೇ ಇತ್ತು. ಮರುಸಂಜೆಯೂ ಅಷ್ಟೆ. ಶೇಕರ್ ಬಂದು ಕೂತು, ಚಹಾ ಕುಡಿದು, ಮೇಷ್ಟ್ರ ಮುಖ ನೋಡಿ, ಕಸೂತಿ ಸುತ್ತಿಕೊಂಡು ಎದ್ದು ಹೋದಳು.

ಹೀಗೇ ಒಂದು ವಾರ ಹೋಯಿತು. ಕುರಿದೊಡ್ಡಿಗೆ ಮಣ್ಣು ಮೆತ್ತುವ ಕೆಲಸ, ಬೆರಣಿ ಒಟ್ಟುವ ಕೆಲಸ, ಕಿಟಕಿಯ ಸಂದುಗಳಿಗೆ ಹತ್ತಿ ತುರುಕುವ ಕೆಲಸ. ಒಂದು ಮಧ್ಯಾಹ್ನ ಬುರುಲ್ ಊಟಕ್ಕೆ ಬಂದಾಗ ಮಾವ ಮೇಜಿನ ಮುಂದೆ ಕೂತು ಬರೆಯುತ್ತಿದ್ದರು. ಅದೇ ಹಳೆಯ ದುಂಡು ಕೈಬರಹ. ಒಂದು ಸಾಲು ಸೊಟ್ಟ ಇಲ್ಲ, ಒಂದು ಚುಕ್ಕೆ ತಪ್ಪಿಲ್ಲ. ಬುರುಲ್‌ಳ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಬರೆಯುವವರಿಗೆ ಓದಲು ಬಾರದಿರುವುದುಂಟೇ? ನಿಜವಾಗಿ ಅಚ್ಚಿನಲ್ಲೇ ಏನೋ ಊನವಿರಬೇಕು, ಅದು ತನ್ನಂಥವಳ ಕಣ್ಣಿಗೆ ಬೀಳುತ್ತಿಲ್ಲವೇನೋ ಎಂದು ಕೂಡ ಅನ್ನಿಸಿತು. ಏನು ಬರೆಯುತ್ತಿದ್ದಾರೆ ಎಂದು ಸೊಸೆ ಕೇಳುವ ಹಾಗಿರಲಿಲ್ಲ. ಮಾಂಸದ ಜೊತೆ ಹುರಿದ ಆಲೂಗಡ್ಡೆ ಬಡಿಸಿ ಗ್ರಂಥಾಲಯಕ್ಕೆ ವಾಪಸು ಹೋದಳು.

ಬರೆದದ್ದು ಏನೆಂದು ತಿಳಿದದ್ದು ಮುಂದಿನ ವಾರ, ಜಿಲ್ಲೆಯ ಸಂಸ್ಕೃತಿ ಇಲಾಖೆಯಿಂದ ಶಾರಾಪತ್ ಎಂಬ ಅಧಿಕಾರಿಣಿ ಬಂದಾಗ. ಗಟ್ಟಿಮುಟ್ಟು ಹೆಂಗಸು, ತಲೆಗೆ ನರಿಯ ಚರ್ಮದ ಟೊಪ್ಪಿ. ಗ್ರಂಥಾಲಯದ ಬಾಗಿಲು ನೂಕಿ ಬಂದವಳೇ ಒಂದೊಂದು ಪುಸ್ತಕ ತೆರೆದು, ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಚೆನ್ನಾಗೇ ಇವೆಯಲ್ಲ?"

"ಚೆನ್ನಾಗೇ ಇವೆ."

"ಮತ್ತೆ ಈ ದೂರು? 'ಸರಬರಾಜಾದ ಪುಸ್ತಕಗಳಲ್ಲಿ ಒಂದು ಪುಟವೂ ಓದಲು ಬರುವಂತಿಲ್ಲ. ಗ್ರಂಥಪಾಲಕಿ ಪರೀಕ್ಷಿಸದೆ ಸ್ವೀಕರಿಸಿದ್ದಾರೆ. ಊರಿನ ಮಕ್ಕಳಿಗೆ ಮೋಸವಾಗಿದೆ.' ಯಾರು ಬರೆದಿದ್ದು ಗೊತ್ತಾ?"

ಕೈಬರಹ ನೋಡಿಯೇ ಬುರುಲ್‌ಳ ಮುಖ ಬಿಳಿಚಿತು. "ಗೊತ್ತು."

"ಹೆಸರು ಹೇಳು."

ಮಾವನ ಹೆಸರನ್ನು ಸೊಸೆಯಾದವಳು ಆಡುವಂತಿಲ್ಲ. ಬುರುಲ್ ನೆಲ ನೋಡಿದಳು. "ನಮ್ಮ ಮನೆಯ... ದೊಡ್ಡವರು."

ಶಾರಾಪತ್ ಕುರ್ಚಿಯಲ್ಲಿ ಕುಸಿದು ಕೂತಳು. "ನಿನ್ನ ಮಾವ? ಮುಕಾಶ್ ಮೇಷ್ಟ್ರ ಸೊಸೆನಾ ನೀನು? ನಾನೂ ಅವರ ಕೈಲಿ ಪೆಟ್ಟು ತಿಂದೇ ಓದಿದವಳು ಕಣೇ. ಏನು ಜಗಳ ನಿಮ್ಮಲ್ಲಿ? ಸಾರಿಗೆ ಉಪ್ಪು ಕಮ್ಮಿ ಹಾಕಿದ್ಯಾ?"

"ಜಗಳ ಇಲ್ಲ."

"ಜಗಳ ಇಲ್ದೆ ಸೊಸೆ ಕೆಲಸಕ್ಕೆ ಯಾರಾದ್ರೂ ಕೊಡಲಿ ಹಾಕ್ತಾರಾ? ಸಣ್ಣ ಊರಿನ ಗ್ರಂಥಾಲಯ ಮುಚ್ಚೋಕೆ ಮೇಲಿನವರು ನೆಪ ಹುಡುಕ್ತಿದಾರೆ. ಮೇಷ್ಟ್ರ ರುಜು ಇರೋ ಕಾಗದ ನಾನು ಹರಿದು ಹಾಕೋಕಾಗಲ್ಲ. ನೀನೇ ಹೇಳು, ಪುಸ್ತಕ ಸರಿ ಇದೆ ಅಂತ ಬರಕೊಂಡರೆ ಅವರು ಸುಳ್ಳರಾಗ್ತಾರೆ. ಸರಿ ಇಲ್ಲ ಅಂತ ಬರಕೊಂಡರೆ ನೀನು ಕಳ್ಳಿ ಆಗ್ತೀಯ."

ಅತ್ತ ದರಿ, ಇತ್ತ ಪುಲಿ. ಬುರುಲ್ ಬಾಗಿಲಿಗೆ ಬೀಗ ಹಾಕಿ ಅಧಿಕಾರಿಣಿಯನ್ನು ಮನೆಗೆ ಕರೆದುಕೊಂಡು ಹೊರಟಳು. ಬೇರೇನು ಮಾಡಲೂ ತೋಚಲಿಲ್ಲ.

ಜೂರಕಾನ್ ಅತಿಥಿಯನ್ನು ಕಂಡವಳೇ ಮೇಲುಗಡೆಯ ಗೌರವದ ಜಾಗದಲ್ಲಿ ಹೊಸ ಹಾಸು ಹಾಸಿದಳು. ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು, ಬೋರ್ಸೋಕ್, ರಾಶಿ ಬಿತ್ತು, ಬೆಣ್ಣೆ ಬಂತು, ಜಾಮು ಬಂತು, ಬಿಸಿ ಮಾಂಸ ಬಂತು. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು.

"ಶಾರಾಪತ್! ಭಾಗಾಕಾರಕ್ಕೆ ಅಳ್ತಿದ್ದ ಶಾರಾಪತ್! ಬಂದ್ಯಾ, ಒಳ್ಳೇದಾಯ್ತು. ನನ್ನ ಕಾಗದ ಮುಟ್ಟಿತು ಅಂತಾಯ್ತು."

"ಮುಟ್ಟಿತು ಮೇಷ್ಟ್ರೇ. ಎಲ್ಲಿ ತಪ್ಪಿದೆ ಅಂತ ಒಂದು ಪುಟ ತೋರಿಸಿಬಿಡಿ, ಬರ್ಕೊಂಡು ಹೋಗ್ತೀನಿ."

ಮೇಷ್ಟ್ರು ಪುಸ್ತಕ ತೆಗೆದು ಬೆರಳು ಊರಿದರು. "ಇಲ್ಲಿ. ಇಲ್ಲಿ ನೋಡು. ಇಡೀ ಸಾಲು."

ಶಾರಾಪತ್ ಬಗ್ಗಿ ಆ ಸಾಲನ್ನು ಗಟ್ಟಿಯಾಗಿ ಓದಿದಳು. ಯಾರೋ ಹೆಣ್ಣುಮಗಳು ಬಾವಿಯಿಂದ ನೀರು ತಂದ ಸಾಲು. ಸರಳವಾದ ಸಾಲು. ಓದಿ ತಲೆ ಎತ್ತಿದಳು.

"ಅದು ನೀನು ಊಹೆ ಮಾಡಿ ಓದಿದ್ದು," ಎಂದರು ಮೇಷ್ಟ್ರು. "ಚಿಕ್ಕಂದಿನಲ್ಲೂ ಹಂಗೇ ಮಾಡ್ತಿದ್ದೆ."

ಶಾರಾಪತ್‌ಳ ಮುಖದಲ್ಲಿ ಮೊದಲು ನಗು ಬಂತು, ಆಮೇಲೆ ಅದು ನಿಂತುಹೋಯಿತು. ಅವಳು ಚೀಲದಿಂದ ದೂರಿನ ಕಾಗದ ತೆಗೆದು ಮೇಷ್ಟ್ರ ಕೈಗೆ ಕೊಟ್ಟಳು. ಕೆಟ್ಟ ಮನಸ್ಸಿನಿಂದ ಕೊಟ್ಟದ್ದಲ್ಲ. "ಇದು ನೀವೇ ಬರೆದಿದ್ದು ತಾನೇ ಮೇಷ್ಟ್ರೇ?"

ಮೇಷ್ಟ್ರು ಕಾಗದ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

"ಇದನ್ನ ಯಾರು ಬರೆದಿದ್ದು? ಇದೂ ಅದೇ ಹಾಳು ಅಕ್ಷರ..." ಎಂದವರು ಅಲ್ಲಿಗೇ ನಿಂತರು. ಹೆಬ್ಬೆರಳಿನಿಂದ ಕಾಗದದ ಅಂಚು ಸವರಿದರು. ಅದು ಮೊಮ್ಮಗಳ ನೋಟುಪುಸ್ತಕದಿಂದ ತಾವೇ ಹರಿದುಕೊಂಡ ಚೌಕುಳಿ ಹಾಳೆ. ತಲೆ ಎತ್ತಿ ಹೆಂಡತಿಯನ್ನು ನೋಡಿದರು. ಆಮೇಲೆ ಬುರುಲ್‌ಳನ್ನು. ತರಗತಿಯಲ್ಲಿ ಪಾಠ ಒಪ್ಪಿಸಲಾಗದೆ ಎದ್ದು ನಿಂತ ಹುಡುಗನ ಮುಖವಾಗಿತ್ತು ಅದು. ಬುರುಲ್ ಆ ಕಡೆ ನೋಡಲಾರದೆ ಚಹಾದ ಬಟ್ಟಲಿಗೆ ಹಾಲು ಹಾಕಿದಳು; ಆಗಲೇ ಹಾಲು ಹಾಕಿದ್ದ ಬಟ್ಟಲು ತುಂಬಿ ಚೆಲ್ಲಿತು.

"ತಿನ್ನು ಮಗಳೇ," ಎಂದಳು ಜೂರಕಾನ್ ಅತಿಥಿಗೆ. "ಮಾಂಸ ಆರಿಹೋಗುತ್ತೆ."

ನಗರದ ಆಸ್ಪತ್ರೆಗೆ ಲಾರಿಯಲ್ಲೇ ಹೋದರು. ಡಾಕ್ಟರು ಚಿಕ್ಕ ವಯಸ್ಸಿನವನು. ತಲೆಯ ಚಿತ್ರ ತೆಗೆಸಿ ನೋಡಿ, ಎರ್ಕಿನ್ ಮತ್ತು ಬುರುಲ್‌ರನ್ನು ಹೊರಗೆ ಕರೆದ.

"ಈಚೆಗೆ ಯಾವಾಗಾದ್ರೂ ತಲೆ ಸುತ್ತಿ ಬಿದ್ದಿದ್ರಾ?"

"ಹುಲ್ಲು ಒಟ್ಟೋ ದಿನ," ಎಂದ ಎರ್ಕಿನ್. "ಬೀಳಲಿಲ್ಲ. ತಲೆ ನೋವು ಅಂದ್ರು, ಮಲಗಿದ್ರು. ಮಾರನೇ ದಿನ ಎದ್ದು ಓಡಾಡಿದ್ರು."

"ಅವತ್ತೇ ಆಗಿದ್ದು ಇದು. ತಲೆಯ ಹಿಂದುಗಡೆ ರಕ್ತ ಹೆಪ್ಪುಗಟ್ಟಿದೆ. ಕಣ್ಣು ಸರಿ ಇದೆ, ಕೈ ಸರಿ ಇದೆ, ಬುದ್ಧಿ ನಂಗಿಂತ ಚುರುಕು. ನೋಡಿದ್ದನ್ನ ಇದು ಅಕ್ಷರ ಅಂತ ಗುರುತು ಹಿಡಿಯೋ ಜಾಗ ಹೋಗಿದೆ. ಬಲಗಡೆ ನೋಟಾನೂ ಸ್ವಲ್ಪ ಹೋಗಿದೆ. ಬರೀತಾರೆ, ಬರೆದಿದ್ದನ್ನ ಓದಕ್ಕಾಗಲ್ಲ."

"ಮತ್ತೆ ಬರುತ್ತಾ?"

"ಕೆಲವರಿಗೆ ಒಂದೊಂದೇ ಅಕ್ಷರ ಬರುತ್ತೆ. ಕೆಲವರಿಗೆ ಬರಲ್ಲ. ಅವತ್ತೇ ಕರ್ಕೊಂಡು ಬಂದಿದ್ರೆ..." ಎಂದು ಅವನು ಮಾತು ಮುಗಿಸದೆ ಮಾತ್ರೆ ಬರೆದುಕೊಟ್ಟ.

ಆ 'ಬಂದಿದ್ರೆ' ಎಂಬುದು ಲಾರಿಯಲ್ಲಿ ಅವರ ಜೊತೆ ಮನೆಗೆ ಬಂತು, ಊಟಕ್ಕೂ ಕೂತಿತು. ಮೇಷ್ಟ್ರು ಒಳಕೋಣೆಯಲ್ಲಿ ಮಲಗಿದ್ದರು. ಎರ್ಕಿನ್ ಚಮಚ ಕೆಳಗಿಟ್ಟ.

"ನಾನು ಅವತ್ತೇ ಹೇಳಿದ್ದೆ ಅಪಾ, ತೋರಿಸೋಣ ಅಂತ. ನೀನು, ಮಲಗಲಿ ಬಿಡು, ಕುರಿತಲೆ ಬೇಯಿಸಿ ಸಾರು ಕುಡಿಸ್ತೀನಿ ಅಂದೆ."

"ನೀನು ಹೇಳಿದ್ದು ಹುಲ್ಲು ಒಟ್ಟಿ ಆದ ಮೇಲೆ!" ಎಂದಳು ಜೂರಕಾನ್. "ನಾಳೆ ಹಿಮ ಬಿದ್ರೆ ಹುಲ್ಲು ಕೊಳೆಯುತ್ತೆ ಅಂದವನು ಯಾರು? ನಾನಾ? ನಾನು ಹೆಂಗಸು, ನಂಗೆ ಲಾರಿ ಓಡಿಸೋಕೆ ಬರುತ್ತಾ?"

"ಹುಲ್ಲು ಯಾರಿಗೆ? ನನ್ನ ಹೊಟ್ಟೆಗಾ?"

"ನಿನ್ನ ಹೆಂಡತಿ ಎಲ್ಲಿದ್ಲು ಅವತ್ತು? ಮನೇಲಿ ಮಾವ ತಲೆ ನೋವು ಅಂತ ಮಲಗಿದ್ರೆ ಅವಳು ಆ ಗ್ರಂಥಾಲಯದ ಕಿಟಕಿ ತೊಳೀತಿದ್ಲು. ಹೊಸ ಪುಸ್ತಕ ಬರುತ್ತಂತೆ, ಹೊಸ ಪುಸ್ತಕ!"

ಬುರುಲ್ ಎಂದೂ ಅತ್ತೆಗೆ ಎದುರಾಡಿದವಳಲ್ಲ. ಅವತ್ತು ಬಾಯಿ ತಪ್ಪಿ ಬಂತು. "ಅವರು ಓದಲಿ ಅಂತಾನೇ ತೊಳೀತಿದ್ದೆ ಅಪಾ."

ಜೂರಕಾನ್ ಅವಳನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡರೆ, ಮುದುಕಿ ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಅಂಗೈಗೆ ಬಳಿದುಕೊಳ್ಳತೊಡಗಿದಳು. "ಮಲಗಿದ್ರೆ ಸರಿ ಹೋಗುತ್ತೆ ಅಂದ್ಕೊಂಡೆ ಕಣೇ. ಮಲಗಿದ್ರೆ ಎಲ್ಲರಿಗೂ ಸರಿ ಹೋಗುತ್ತಲ್ಲ," ಎಂದಳು. ಕುಂದುಜ್ ಹೋಗಿ ಅಜ್ಜಿಯ ಪಕ್ಕ ಕೂತಳು. ಸಾರು ಹಾಗೇ ಉಳಿಯಿತು.

ದೂರು ಹಿಂತೆಗೆದುಕೊಳ್ಳುವವರೆಗೆ ಪುಸ್ತಕ ಯಾರಿಗೂ ಕೊಡಬೇಡ ಎಂದು ಶಾರಾಪತ್ ಹೇಳಿ ಹೋಗಿದ್ದಳು. ಪೆಟ್ಟಿಗೆಗಳು ಗ್ರಂಥಾಲಯದ ಮೂಲೆಯಲ್ಲಿ ದಾರ ಬಿಗಿಸಿಕೊಂಡು ಕೂತಿದ್ದವು. ಹೆಂಗಸರು ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುವರು. "ಮೇಷ್ಟ್ರು ಓದಿ ಆಯ್ತೇನೆ?" ಎಂದು ಯಾರಾದರೂ ಕೇಳಿದರೆ ಶೇಕರ್ ಮೊಣಕೈಯಿಂದ ತಿವಿಯುವಳು. ಊರಿಗೆಲ್ಲ ಗೊತ್ತಾಗಿತ್ತು.

ಕೊನೆಗೆ ಶಾರಾಪತ್ ಅಚ್ಚು ಹಾಕಿಸಿದ ಒಂದು ಹಾಳೆ ಕಳಿಸಿದಳು. ಮೇಷ್ಟ್ರು ರುಜು ಹಾಕಿದರೆ ಸಾಕು, ಗ್ರಂಥಾಲಯ ಉಳಿಯುತ್ತದೆ. ಬುರುಲ್ ಅದನ್ನು ದಾರಿಯಲ್ಲೇ ಓದಿದಳು. ಅದರಲ್ಲಿ, 'ನನ್ನ ಮಾನಸಿಕ ಅಸ್ವಸ್ಥತೆಯ ಕಾರಣ ನೀಡಿದ ದೂರನ್ನು ಹಿಂಪಡೆಯುತ್ತೇನೆ' ಎಂದಿತ್ತು. ಮತ್ತೊಂದು ಬರೆಸಬೇಕೆಂದರೆ ಜಿಲ್ಲೆಗೆ ಹೋಗಬೇಕು. ಮೇಲಿನವರು ಕೊಟ್ಟ ಗಡುವು ಅವತ್ತಿಗೇ ಮುಗಿಯುವುದಿತ್ತು.

ಮೇಷ್ಟ್ರು ಕನ್ನಡಕವನ್ನು ಎಲ್ಲೋ ಎತ್ತಿಟ್ಟಿದ್ದರು. ಬರಿಗಣ್ಣಲ್ಲಿ ಹಾಳೆ ಹಿಡಿದು, "ಓದದೆ ಯಾವುದಕ್ಕೂ ರುಜು ಹಾಕಬೇಡಿ ಅಂತ ಈ ಊರಿಗೆಲ್ಲ ಹೇಳಿಕೊಟ್ಟವನು ನಾನು," ಎಂದರು. "ಓದು."

ಬುರುಲ್ ಓದಿದಳು. 'ನನ್ನ ಕಣ್ಣಿನ ತೊಂದರೆಯ ಕಾರಣ ನೀಡಿದ ದೂರನ್ನು...' ಬರುವ ದಾರಿಯಲ್ಲಿ ಹತ್ತಾರು ಸಲ ಹೇಳಿಕೊಂಡು ಬಂದಿದ್ದಳು.

ಮೇಷ್ಟ್ರು ತಲೆದೂಗಿದರು. ಪೆನ್ನು ತೆಗೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, "ಕುಂದುಜ್, ಬಾರೇ ಇಲ್ಲಿ," ಎಂದರು.

"ಅವಳು ದೊಡ್ಡಿಗೆ ಹೋಗಿದಾಳೆ ಅತಾ," ಎಂದಳು ಬುರುಲ್ ಬೇಗ. ಆದರೆ ಹುಡುಗಿ ಆಗಲೇ ಹೊಸ್ತಿಲು ದಾಟಿ ಬಂದಿದ್ದಳು, ಕೈಯಲ್ಲಿ ಹಾಲಿನ ಬಕೆಟ್ಟು.

"ಇದನ್ನ ಓದು."

ಅಮ್ಮನ ಕಣ್ಣು ಏನು ಹೇಳುತ್ತಿದೆ ಎಂದು ಹುಡುಗಿ ನೋಡಲಿಲ್ಲ. ಶಾಲೆಯಲ್ಲಿ ಓದುವ ಹಾಗೆ ಎಳೆದೆಳೆದು ಓದಿದಳು. 'ನನ್ನ ಮಾನಸಿಕ...' ಎಂದು ಓದಿ, ತಡವರಿಸಿ, ಮತ್ತೆ ಓದಿದಳು. "ಅಸ್ವಸ್ಥತೆ ಅಂದ್ರೇನು ಅತಾ?"

ಒಲೆಯಲ್ಲಿ ಇದ್ದಲು ಕುಸಿದ ಸದ್ದಾಯಿತು.

"ನನ್ನ ಸೊಸೆ ನಂಗೆ ಸುಳ್ಳು ಓದಿದಳು," ಎಂದರು ಮೇಷ್ಟ್ರು ಮೆಲ್ಲಗೆ. ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು.

"ಅತಾ, ನಿಮ್ಗೆ ನೋವಾಗಬಾರದು ಅಂತ..."

"ಗೊತ್ತು. ಒಳ್ಳೇದಕ್ಕೇ ಓದಿದೀಯ. ನಾಳೆ ನನ್ನ ಮಗಾನೂ ಒಳ್ಳೇದಕ್ಕೇ ಓದ್ತಾನೆ. ನನ್ನ ಹೆಂಡತಿ ಔಷಧಿ ಚೀಟಿ ಒಳ್ಳೇದಕ್ಕೇ ಓದ್ತಾಳೆ. ಇನ್ನು ಸಾಯೋವರೆಗೂ ನಾನು ಏನು ಕೇಳಿದ್ರೂ, ಇದು ಇಲ್ಲಿ ಇದೆಯೋ ಇಲ್ಲವೋ ಅಂತ..." ಹಾಳೆಯನ್ನು ಎಳೆದುಕೊಂಡು, "ಎಲ್ಲಿ ಹಾಕಬೇಕು, ಬೆರಳಿಟ್ಟು ತೋರಿಸು," ಎಂದು ಮೊಮ್ಮಗಳನ್ನು ಕೇಳಿ ರುಜು ಹಾಕಿದರು. ರುಜು ಎಂದಿನ ಹಾಗೆ ಚೆಂದವಾಗಿತ್ತು.

ಪುಸ್ತಕಗಳು ಬಿಡುಗಡೆಯಾದವು. ಮೊದಲ ಹಿಮವೂ ಬಿತ್ತು. ಮಾವನ ಮುಂದೆ ಪುಸ್ತಕ ಇಡುವ ಧೈರ್ಯ ಬುರುಲ್‌ಗೆ ಇರಲಿಲ್ಲ, ಅತ್ತೆಯೇ ಒಂದು ದಿನ, "ತಗೊಂಡು ಬಾ, ಓದು. ನಾನು ಕೇಳ್ತೀನಿ. ಅವರ ಕಿವಿ ಏನೂ ಕಿವುಡಾಗಿಲ್ಲ," ಎಂದಳು.

ಬುರುಲ್ ಓದತೊಡಗಿದಳು. ಇಬ್ಬರು ಅಣ್ಣತಮ್ಮಂದಿರ ಕತೆ. ಒಂದು ಕುದುರೆಗಾಗಿ ಜಗಳವಾಡಿ ಬೇರೆಯಾದವರು. ತಮ್ಮನಿಗೆ ಕಾಯಿಲೆ ಎಂದು ಕೇಳಿ ಅಣ್ಣ ಅದೇ ಕುದುರೆ ಏರಿ ಬೆಟ್ಟದಾಚೆಗೆ ಹೊರಡುತ್ತಾನೆ. ಒಂದು ಪುಟ ಆಗುತ್ತಿದ್ದ ಹಾಗೆ ಮೇಷ್ಟ್ರು ಎದ್ದು, ಬಾಗಿಲ ಚೌಕಟ್ಟಿಗೆ ಬಲಭುಜ ತಾಗಿಸಿಕೊಂಡು, ಬಕೆಟ್ಟು ಹಿಡಿದು ಇದ್ದಲು ತರಲು ಹೋದರು. ಓದು ನಿಲ್ಲುವವರೆಗೂ ಒಳಗೆ ಬರಲಿಲ್ಲ. ಮರುದಿನವೂ ಹೀಗೇ. ಮೂರನೆಯ ದಿನ ಎರ್ಕಿನ್ ಎದ್ದು ಹೋಗಿ ಕರೆದ. "ಅತಾ, ಚಳಿ ಇದೆ, ಒಳಗೆ ಬನ್ನಿ."

"ನೀವು ಓದ್ಕೊಳಿ. ನಂಗೆ ಹಸು ನೋಡ್ಬೇಕು."

"ಹಸುಗೆ ಏನಾಗಿದೆ?"

"ಅದಕ್ಕೂ ಓದೋಕೆ ಬರಲ್ಲ," ಎಂದರಂತೆ. ಎರ್ಕಿನ್ ಒಳಗೆ ಬಂದು ಇದನ್ನು ಹೇಳಿದಾಗ ನಗಬೇಕೋ ಅಳಬೇಕೋ ಯಾರಿಗೂ ತಿಳಿಯಲಿಲ್ಲ. ಬುರುಲ್ ಪುಸ್ತಕ ಮುಚ್ಚಿದಳು. ಅಂದಿನಿಂದ ಆ ಮನೆಯಲ್ಲಿ ಓದು ನಿಂತಿತು. ಸಂಜೆಯ ಚಹಾ ಆದ ಮೇಲೆ ಎಲ್ಲರೂ ಒಲೆಯ ಸುತ್ತ ಕೂತು, ಯಾವ ಮಾತು ಎತ್ತಿದರೂ ಅದು ಅಕ್ಷರದ ಕಡೆಗೇ ಹೊರಳೀತೆಂದು ಹೆದರಿ, ಹವಾಮಾನದ ಮಾತಾಡಿ ಬೇಗ ಮಲಗುವರು. ಉಳಿದದ್ದನ್ನು ಬುರುಲ್ ಒಬ್ಬಳೇ ಓದಿ ಮುಗಿಸಿದ ಮೇಲೆ ಪುಸ್ತಕ ಶೇಕರ್ ಮನೆಗೆ ಹೋಯಿತು. ಅವಳು ಚೆನ್ನಾಗಿ ಅತ್ತಳಂತೆ.

ಚಳಿಗಾಲದ ಮಾಂಸಕ್ಕೆ ಕುದುರೆ ಕಡಿಯುವ ದಿನ ಬಂತು. ನೆಂಟರು ಬಂದು ಹೋದರು. ಮಾಂಸ ಹಸನು ಮಾಡಿ ಉಪ್ಪು ಹಚ್ಚಿ ತೂಗುಹಾಕಿದ್ದಾಯಿತು. ಮರುದಿನ ಮಧ್ಯಾಹ್ನ ಮನೆಯಲ್ಲಿದ್ದವರು ಮುದುಕರಿಬ್ಬರು ಮತ್ತು ಬುರುಲ್ ಮಾತ್ರ. ಬುರುಲ್ ಹಿಟ್ಟು ನಾದುತ್ತಿದ್ದಳು. ಜೂರಕಾನ್ ಕರುಳು ತೊಳೆಯುತ್ತಿದ್ದಳು. ಮೇಷ್ಟ್ರು ಕಿಟಕಿಯ ಬಳಿ ಕೂತು ಹೊರಗೆ ನೋಡುತ್ತಿದ್ದರು.

"ಅವನು ದಾಟಿದನಾ?" ಎಂದರು ಇದ್ದಕ್ಕಿದ್ದ ಹಾಗೆ.

"ಯಾರು?" ಎಂದಳು ಜೂರಕಾನ್.

"ಆ ಅಣ್ಣ. ಕುದುರೆ ಹತ್ತಿ ಹೊರಟನಲ್ಲ. ಬೆಟ್ಟ ದಾಟಿ ತಮ್ಮನ ಹತ್ರ ಹೋದನಾ?"

ದೊಡ್ಡಿಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಮಣ್ಣಿನದು; ಓದಿದ್ದು ಆಚೆಗೂ ಕೇಳಿಸಿರಬೇಕು. ಬುರುಲ್‌ಳ ಕೈ ಹಿಟ್ಟಿನಲ್ಲೇ ನಿಂತಿತು. ಅತ್ತೆ ಅವಳತ್ತ ತಿರುಗಿದಳು. ಮಾವನಿಗೆ ಕಾಣದ ಬಲಬದಿಯಲ್ಲಿ ನಿಂತು, ಒದ್ದೆ ಕೈ ಎತ್ತಿ, ದಾಟಿದ ಅನ್ನು, ದಾಟಿದ ಅನ್ನು ಎಂದು ಸನ್ನೆ ಮಾಡಿದಳು.

ಬುರುಲ್‌ಗೆ ಕೊನೆಯ ಪುಟ ಚೆನ್ನಾಗಿ ನೆನಪಿತ್ತು. ದಾಟಿದ ಎಂದರೆ ಮಾವ ಒಂದು ದಿನವಾದರೂ ಸಮಾಧಾನವಾಗಿ ಉಣ್ಣುತ್ತಾರೇನೋ. ನಂಬಿದರೆ. ನಂಬದಿದ್ದರೆ, ಇನ್ನೆಂದೂ ಏನನ್ನೂ ಕೇಳಲಾರರು.

"ಇಲ್ಲ ಅತಾ," ಎಂದಳು. "ದಾಟಲಿಲ್ಲ. ಮೇಲೆ ಹಿಮ ಕುಸಿಯಿತು. ಕುದುರೆ ಒಂದೇ ಕೆಳಗೆ ಬಂತು."

ಜೂರಕಾನ್ ಕೈಲಿದ್ದದ್ದನ್ನು ಬೋಗುಣಿಗೆ ಕುಕ್ಕಿ, "ನಿನ್ನ ಬಾಯಿಗೆ ಮಣ್ಣು ಹಾಕ," ಎಂದು ಪಿಸುಗುಟ್ಟಿದಳು.

ಮೇಷ್ಟ್ರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಹಂಗಾದ್ರೆ ಸರಿಯಾಗೇ ಓದಿದೀಯ," ಎಂದರು.

ಅಷ್ಟು ಹೇಳಿ ಅವರು ಅತ್ತರು. ಆಸ್ಪತ್ರೆಯಲ್ಲಿ ಅಳದವರು, ಶಾರಾಪತ್‌ಳ ಎದುರು ಅಳದವರು, ಭುಜ ಕುಲುಕುತ್ತ, ಸದ್ದಿಲ್ಲದೆ ಅತ್ತರು. ಬೆಟ್ಟದಲ್ಲಿ ಸತ್ತವನಿಗಾಗಿಯೋ, ತಮಗಾಗಿಯೋ ಹೇಳುವ ಹಾಗಿರಲಿಲ್ಲ. ಎದ್ದು ಹೋಗಿ ಬೆನ್ನು ಸವರಲು ಬುರುಲ್ ಸೊಸೆ, ಹಾಗೆ ಮುಟ್ಟುವಂತಿಲ್ಲ. ಜೂರಕಾನ್ ತನ್ನ ಕೈಯಲ್ಲಿ ರಕ್ತ ಇದೆ ಎಂದು ಹತ್ತಿರ ಹೋಗದೆ, ಎರಡೂ ಕೈ ಗಾಳಿಯಲ್ಲಿ ಹಿಡಿದು ನಿಂತೇ ಇದ್ದಳು. ಬುರುಲ್ ಹಿಟ್ಟಿನ ಮುದ್ದೆಯನ್ನು ಮಗುಚಿ ಮತ್ತೆ ನಾದಿದಳು. ಅದು ಆಗಲೇ ಹದಕ್ಕೆ ಬಂದು ಬಹಳ ಹೊತ್ತಾಗಿತ್ತು.